ಬಿಡುವ ಕೊಕ್ಕೆ

ಉಬ್ಬಿಸಿತು, ನೋಡು, ಮತ್ತೆ ಹೊಟ್ಟೆ ಉಬ್ಬಿಸಿತು ಬೂದಿ ಕುದುರೆ — ಜೀನಿನ ಹೊಟ್ಟೆಪಟ್ಟಿ ಮೈಗೆ ತಾಗಿದ್ದೇ ತಡ, ಉಸಿರು ಎಳೆದುಕೊಂಡು, ಕಿವಿ ಹಿಂದಕ್ಕೆ ಮಾಡಿ, ಏನೂ ಅರಿಯದ ಹಾಗೆ ಬೇಲಿಯ ಕಡೆ ನೋಡುತ್ತ ನಿಂತುಬಿಟ್ಟಿತು, ಈಗ ಬಿಗಿದರೆ ಆಮೇಲೆ ಉಸಿರು ಬಿಟ್ಟಾಗ ಪಟ್ಟಿ ಸಡಿಲ, ಜೀನು ಸವಾರನ ಸಮೇತ ಹೊಟ್ಟೆಯ ಕೆಳಗೆ, ಕುದುರೆಗಳ ಹಳೇ ಕಳ್ಳಾಟ, ಇದನ್ನು ಯಾವ ಕುದುರೆಗೂ ಹೇಳಿಕೊಡಬೇಕಾಗಿಲ್ಲ. ಕಾಯಬೇಕು. ಕಾಯಲಿ ಎಲ್ಲರೂ, ಬೇಲಿಗೆ ಒರಗಿದ ಸವಾರಿ ಶಾಲೆಯ ಯಜಮಾನರು ಕಾಯಲಿ, ಅವರ ಪಕ್ಕದಲ್ಲಿ ಕೈ ಕಟ್ಟಿ ನಿಂತಿರುವ ಅಪ್ಪ ಕಾಯಲಿ, ಹತ್ತಿರ ಬಂದು ನೋಡುವುದಿಲ್ಲವಂತೆ ಅವನು, ಆಟದ ಸಾಮಾನು ನೋಡೋಕೆ ನನಗೆ ವಯಸ್ಸಾಯಿತು ಅಂದ ಯಜಮಾನರ ಹತ್ತಿರ, ಪಟ್ಟಿ ಬಿಗಿಯುತ್ತಿರುವ ಇವಳಿಗೆ ಬೇಕೆಂದೇ ಕೇಳುವ ಹಾಗೆ — ಅನ್ನಲಿ, ಬಾಯಿ ಅವನದು, ಕೈ ಇವಳದು, ಈ ಕೈ ಈಗ ಜೀನಿನ ಮಗ್ಗುಲ ಹಾಳೆಯ ಕೆಳಗಿದೆ, ಬೆರಳಿಗೆ ತಣ್ಣಗಿನ ತೊಗಲು, ತೊಗಲಿನ ತುದಿಗೆ ಉಕ್ಕಿನ ಕೊಕ್ಕೆ, ಕೊಕ್ಕೆಯ ಬಾಲಕ್ಕೆ ಒಂದು ಸಣ್ಣ ಉಂಗುರ. ಮೆಟ್ಟಿಲಿನ ಮೇಲೆ ತಂಗಿ ಕೂತಿದ್ದಾಳೆ, ಬೂಟು ಹಾಕಿಕೊಂಡು, ಎಡಗಾಲು ಸ್ವಲ್ಪ ಹೊರಗೆ ತಿರುಗಿಕೊಂಡೇ ಇದೆ, ಅದು ಇನ್ನು ನೆಟ್ಟಗಾಗುವುದಿಲ್ಲ, ಅವಳ ಉಗುರುಗಳು ಮಾತ್ರ ಬೆಳೆದಿವೆ, ನೋಡಬಾರದು, ಉಗುರು ನೋಡಿದರೆ ಆ ನಾಲ್ಕು ಗೀರು ಕಣ್ಣೆದುರಿಗೆ ಬರುತ್ತವೆ, ಈಗ ಬೇಡ.

ಬಂದೇ ಬಂದವು. ಅವತ್ತಿನ ಹಳ್ಳ, ಹಳ್ಳದ ಕೆಸರು, ಬೇಲಿ ಕಿತ್ತುಹಾಕಿದ ಮೇಲೆ ಅಲ್ಲೇ ಉಳಿದಿದ್ದ ಕಬ್ಬಿಣದ ಗೂಟ, ಕುದುರೆ ಜಾರಿ ಎಡಮಗ್ಗುಲಿಗೆ ಬಿತ್ತು, ಜೀನು ಹೋಗಿ ಆ ಗೂಟಕ್ಕೆ ಸಿಕ್ಕಿಕೊಂಡಿತು, ಏಳಲು ಹೋದಷ್ಟೂ ಜೀನು ಜಗ್ಗುತ್ತದೆ, ಜಗ್ಗಿದಷ್ಟೂ ಹೊಟ್ಟೆಪಟ್ಟಿ ಬಿಗಿಯುತ್ತದೆ, ತಂಗಿಯ ಎಡಗಾಲು ಕೆಳಗೆ. ಬಲಮಗ್ಗುಲಿನ ಬಕಲ್ ಅವಳ ಕೈಗೆ ಎಟುಕುತ್ತಿತ್ತು, ಅದೇ ಅನ್ಯಾಯ, ಕಣ್ಣೆದುರಿಗೇ ಇತ್ತು, ಕೈಯಲ್ಲೇ ಇತ್ತು, ಆದರೆ ಬಕಲ್ ಬಿಚ್ಚಬೇಕಾದರೆ ಮೊದಲು ಪಟ್ಟಿಯನ್ನು ಇನ್ನಷ್ಟು ಬಿಗಿಗೆ ಎಳೆಯಬೇಕು, ಆಗ ತಾನೇ ಮುಳ್ಳು ತೂತಿನಿಂದ ಹೊರಬರುವುದು, ಇಡೀ ಕುದುರೆಯ ಭಾರ ಆ ಕಡೆ ಎಳೆಯುತ್ತಿರುವಾಗ ಈ ಕಡೆಯಿಂದ ಒಬ್ಬ ಹುಡುಗಿ ಎಷ್ಟು ಎಳೆದಾಳು, ಒದ್ದೆ ತೊಗಲು ಬೇರೆ, ಜಪ್ಪಯ್ಯ ಅಂದರೂ ಬಿಡಲಿಲ್ಲ. ಜನ ಬಂದು ಚಾಕುವಿನಿಂದ ಕೊಯ್ದರು. ಆ ಕೊಯ್ದ ಪಟ್ಟಿಯನ್ನು ಆಸ್ಪತ್ರೆಯ ಬೆಂಚಿನ ಮೇಲೆ ಅಪ್ಪ ತಿರುಗಿಸಿ ತಿರುಗಿಸಿ ನೋಡಿದ, ತನ್ನದೇ ಕೈಯ ಹೊಲಿಗೆ, ನೋಡಿ ಹೇಳಿದ್ದೇನು — ನನ್ನ ಪಟ್ಟಿ ಹರೀಲಿಲ್ಲ. ಒಳಗೆ ಮಗಳ ಕಾಲಿಗೆ ಹೊಲಿಗೆ ಬೀಳುತ್ತಿದೆ, ಹೊರಗೆ ಇವನು, ನನ್ನ ಪಟ್ಟಿ ಹರೀಲಿಲ್ಲ. ಹೌದಪ್ಪಾ, ಹರಿಯಲಿಲ್ಲ, ಅದಕ್ಕೇ. ಅವತ್ತೇ ಹೇಳಬೇಕಿತ್ತು, ಇವಳು ಪಟ್ಟಿಯನ್ನು ಅವನ ಕೈಯಿಂದ ಕಿತ್ತುಕೊಂಡಳು, ಅಷ್ಟೇ, ಆಗಲೇ ಕಂಡದ್ದು — ಬಕಲ್ಲಿನ ಪಕ್ಕದಲ್ಲಿ ನಾಲ್ಕು ಗೀರು, ಒಂದರ ಪಕ್ಕ ಒಂದು, ಮೂರು ಉದ್ದ, ಕೊನೆಯದು ಅರ್ಧಕ್ಕೇ ನಿಂತಿದೆ, ತಂಗಿಯ ಉಗುರು ಅಲ್ಲಿ ಮುರಿದಿದೆ.

ತಂದು ಜೀನಿನ ಕಾರ್ಖಾನೆಯಲ್ಲಿ, ಅಪ್ಪನ ಮಣೆಯ ಎದುರಿನ ಗೋಡೆಯಲ್ಲಿ, ಮೊಳೆಗೆ ನೇತುಹಾಕಿದಳು, ಗೀರು ಹೊರಗೆ ಕಾಣುವ ಹಾಗೆ. ಬೆಳಿಗ್ಗೆ ನೋಡಿದರೆ ಪಟ್ಟಿ ಗೋಡೆಗೆ ಮುಖ ಮಾಡಿದೆ. ತಿರುಗಿಸಿದಳು. ಮರುದಿನ ಮತ್ತೆ ಗೋಡೆಗೆ ಮುಖ. ಮತ್ತೆ ತಿರುಗಿಸಿದಳು. ಅವನು ದಾರಕ್ಕೆ ಮೇಣ ಉಜ್ಜುತ್ತ ಕೂತಿರುತ್ತಾನೆ, ಇವಳು ತೊಗಲು ಕೊಯ್ಯುತ್ತ ಕೂತಿರುತ್ತಾಳೆ, ನಡುವೆ ಆ ಪಟ್ಟಿ ಒಂದು ದಿನ ಈ ಕಡೆ ಒಂದು ದಿನ ಆ ಕಡೆ, ನೋಡಿದವರು ಗಾಳಿ ಅನ್ನಬೇಕು. ಅಪ್ಪನ ಹಟ ದೊಡ್ಡದು. ಆ ಹಟ ಇವಳಿಗೆ ಮತ್ತೆಲ್ಲಿಂದ ಬಂತು, ಪಕ್ಕದ ಮನೆಯಿಂದಲೇ? ಜೀನಿನ ಕೆಲಸ ಕಲಿಯುತ್ತೇನೆ ಅಂದಾಗಲೂ ಮೂಗು ಮುರಿದವನೇ, ಆಮೇಲೆ ಕೈ ಹಿಡಿದು ಕಲಿಸಿದವನೂ ಅವನೇ, ಹೊಲಿಗೆ ಹಾಕುವ ಮುಂಚೆ ತೊಗಲಿನ ಮಾತು ಕೇಳು ಅನ್ನುತ್ತಿದ್ದ, ಈಗ ನೋಡಿದರೆ ಮಗಳ ಮಾತಿಗೆ ಸೊಪ್ಪು ಹಾಕುವುದಿಲ್ಲ. ಬಕಲ್ ಬದಲು, ಸಿಕ್ಕಿಕೊಂಡಾಗ ಎಳೆದರೆ ಬಿಡುವ ಕೊಕ್ಕೆ ಹಾಕೋಣ ಅಂದಳು ಇವಳು. ಬಿಡೋದಕ್ಕೆ ಅಂತ ಯಾರಾದರೂ ಹೊಟ್ಟೆಪಟ್ಟಿ ಮಾಡ್ತಾರೇನೇ, ಅಂದ, ಹಿಡಿದುಕೊಳ್ಳೋದೇ ಅದರ ಕೆಲಸ, ಓಡೋ ಕುದುರೆ ಮೇಲೆ ನಿನ್ನ ಕೊಕ್ಕೆ ತಾನೇ ಬಿಚ್ಚಿಕೊಂಡರೆ ಯಾರನ್ನ ಕೇಳೋಣ, ಇನ್ನೊಂದು ಕಾಲನ್ನೂ ಮುರಿಸ್ತೀಯಾ ಅವಳದು? ಅದು ತಾಗಿತು. ತಾಗಿದ್ದನ್ನು ತೋರಿಸಿಕೊಳ್ಳಲಿಲ್ಲ. ಅದೇ ಸಂಜೆ ತೀರ್ಮಾನವನ್ನೂ ಹೇಳಿಬಿಟ್ಟ: ಚಿಕ್ಕವಳಿಗೆ ಇನ್ನು ತಾನು ಜೀನು ಕೊಡುವುದಿಲ್ಲ, ಶಾಲೆಯ ಜೀನುಗಳೆಲ್ಲ ತನ್ನವೇ ಆದ್ದರಿಂದ ಯಜಮಾನರೂ ಕೊಡುವುದಿಲ್ಲ, ಅವಳು ಮನೆಯಲ್ಲಿ ಕೂತು ದಾರ ಹೊಸೆಯಲಿ. ತಂಗಿ ಅಳಲಿಲ್ಲ, ಕೋಲು ಊರಿಕೊಂಡು ಇವಳ ಹಾಸಿಗೆಯ ಹತ್ತಿರ ಬಂದು ನಿಂತು ಹೇಳಿದ್ದು — ಅಕ್ಕಾ, ನೆಲದ ಮೇಲೆ ನಡೆದರೆ ನಾನು ಕುಂಟಿ, ಕುದುರೆ ಮೇಲೆ ಕೂತರೆ ನನ್ನ ನಾಲ್ಕು ಕಾಲೂ ನೆಟ್ಟಗಿವೆ.

ಅಷ್ಟು ಸಾಕಾಗಿತ್ತು. ಮೊದಲನೆಯ ಕೊಕ್ಕೆ ಕೊಕ್ಕೆಯೇ ಅಲ್ಲ, ಒಂದು ಸರಳು, ಸ್ಪ್ರಿಂಗು, ಎಳೆದರೆ ಸರಳು ಹೊರಗೆ, ಪಟ್ಟಿ ಬಿಡುಗಡೆ, ಎಷ್ಟು ಚಂದ ಇತ್ತು ನೋಡಲು, ಕಾರ್ಖಾನೆಯ ಮರದ ಕುದುರೆಗೆ ಕಟ್ಟಿ ಎಳೆದದ್ದೇ ಎಳೆದದ್ದು, ಒಮ್ಮೆಯೂ ಕೈಕೊಡಲಿಲ್ಲ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಜಂಬದಿಂದ ಇಲ್ಲಿಗೆ ತಂದಳು, ಇದೇ ಅಂಗಳಕ್ಕೆ, ಬೂದಿಗೆ ಬಿಗಿದಳು, ಬೂದಿ ಹೊಟ್ಟೆ ಉಬ್ಬಿಸಿತು, ಎಳೆದಳು, ಸರಳು ಮಿಸುಕಲಿಲ್ಲ. ಎರಡೂ ಕೈ ಹಾಕಿ ಎಳೆದಳು. ಯಜಮಾನರು ನಗುವನ್ನು ಕೆಮ್ಮಿಗೆ ತಿರುಗಿಸಿಕೊಂಡರು, ಅಪ್ಪ ನಗಲೂ ಇಲ್ಲ, ಬಂದು, ಇವಳನ್ನು ಪಕ್ಕಕ್ಕೆ ಸರಿಸಿ, ಸರಳಿನ ಪಟ್ಟಿ ಕಳಚಿ ಬಕಲ್ ಪಟ್ಟಿ ಹಾಕಿ, ಕೈ ಒರೆಸಿಕೊಂಡು ಹೋದ, ಅದಕ್ಕಿಂತ ಎರಡೇಟು ಕೊಟ್ಟಿದ್ದರೆ ಚೆನ್ನಾಗಿತ್ತು. ಮರದ ಕುದುರೆ ಉಸಿರಾಡುವುದಿಲ್ಲ. ಇಷ್ಟು ಸಣ್ಣ ವಿಷಯ, ಹುಟ್ಟಿದಾಗಿನಿಂದ ಜೀನುಗಳ ನಡುವೆ ಬೆಳೆದವಳಿಗೆ, ಮರದ ಕುದುರೆ ಉಸಿರಾಡುವುದಿಲ್ಲ ಅನ್ನುವುದು ಹೊಳೆಯಲಿಲ್ಲ, ಪಟ್ಟಿ ಬಿಗಿದಷ್ಟೂ ಸರಳು ಕಚ್ಚಿಕೊಳ್ಳುತ್ತದೆ, ಬೇಡದಾಗ ಸಲೀಸು, ಬೇಕಾದಾಗ ಕಗ್ಗಂಟು, ಹಾಗಾದರೆ ಬಕಲ್ಲಿಗೂ ಇದಕ್ಕೂ ಏನು ವ್ಯತ್ಯಾಸ. ಆ ದಿನ ಮೊಳೆಯಲ್ಲಿ ಪಟ್ಟಿ ಗೋಡೆಗೆ ಮುಖ ಮಾಡಿತ್ತು, ಇವಳು ತಿರುಗಿಸಲಿಲ್ಲ. ಅದೊಂದೇ ದಿನ.

ಆಮೇಲೆ ಹೊಳೆದದ್ದು ಎಲ್ಲಿ — ಇಲ್ಲೇ, ಲಾಯದ ಬಾಗಿಲಲ್ಲಿ, ತಂಗಿ ಬೂದಿಯನ್ನು ಕಂಬಕ್ಕೆ ಕಟ್ಟುತ್ತಿದ್ದಳು, ಏರಲು ಬಿಡದಿದ್ದರೂ ಮೈ ಉಜ್ಜಲು ಬರುತ್ತಿದ್ದಳಲ್ಲ, ಹಗ್ಗ ಒಂದು ಸುತ್ತು, ಮಡಚಿ ಒಳಗೆ ತೂರಿಸಿ ಒಂದು ಕುಣಿಕೆ, ಬಾಲ ಹೊರಗೆ, ಎಲ್ಲರೂ ಕಟ್ಟುವ ಜಾರುಗಂಟು, ಕುದುರೆ ಬೆದರಿ ಎಷ್ಟೇ ಜಗ್ಗಲಿ ಬಿಚ್ಚುವುದಿಲ್ಲ, ಮನುಷ್ಯ ಬಾಲ ಹಿಡಿದು ಒಮ್ಮೆ ಎಳೆದರೆ ಸರ್ರನೆ ಬಿಚ್ಚುತ್ತದೆ. ಕಂಬಕ್ಕೆ ಕಗ್ಗಂಟು ಹಾಕಿದ ಆಳನ್ನು ಯಜಮಾನರು ಅವತ್ತೇ ಮನೆಗೆ ಕಳಿಸುತ್ತಾರೆ. ಅಪ್ಪನೇ ಕಲಿಸಿದ್ದು, ಕೈಗೆ ಹಗ್ಗ ಕೊಟ್ಟು, ಕುದುರೆಯನ್ನ ಬಿಡಿಸೋಕೆ ಆಗದ ಹಾಗೆ ಯಾವತ್ತೂ ಕಟ್ಟಬೇಡ ಅಂದದ್ದು. ಆಹಾ, ಕಂಬದ ಹತ್ತಿರ ಈ ಬುದ್ಧಿ, ಹೊಟ್ಟೆಯ ಕೆಳಗೆ ಹೋದ ಕೂಡಲೇ ಮಾಯ! ಗಂಟನ್ನು ಬಿಚ್ಚಿದಳು, ಕಟ್ಟಿದಳು, ಬಿಚ್ಚಿದಳು, ಭಾರವೆಲ್ಲ ಕುಣಿಕೆಯ ಮೇಲೆ, ಬಾಲದ ಮೇಲೆ ಭಾರವೇ ಇಲ್ಲ — ಅಂದರೆ ಕೊಕ್ಕೆಗೂ ಹಾಗೇ, ಪಟ್ಟಿಯ ಎಳೆತ ಕೊಕ್ಕೆಯನ್ನು ತೆರೆಯಲೇ ನೋಡಲಿ, ಕೊಕ್ಕೆಯ ಉದ್ದ ಬಾಲವನ್ನು ಒಂದು ಸಣ್ಣ ಉಂಗುರ ಹಿಡಿದಿರಲಿ, ಉಂಗುರ ಜಾರಿಸಿದರೆ ಎಳೆತವೇ ಕೊಕ್ಕೆಯನ್ನು ಒದ್ದು ತೆರೆಯುತ್ತದೆ, ಜಗ್ಗಿದಷ್ಟೂ ಬೇಗ. ಬೀಗ ರಿಪೇರಿಯವನ ಹತ್ತಿರ ಓಡಿದಳು, ಅವನು ಚಿತ್ರ ನೋಡಿ ತಲೆ ಕೆರೆದುಕೊಂಡ, ಅಲ್ಲಕ್ಕಾ, ಊರವರೆಲ್ಲ ಮುಚ್ಚಿಕೊಡು ಅಂತ ಬರ್ತಾರೆ, ನೀವೊಬ್ಬರು ತೆರೆದುಕೊಡು ಅಂತ ಬಂದಿರಿ, ಅಂದ, ಆದರೂ ಮಾಡಿದ, ಕೆಡಿಸಿದ, ಮತ್ತೆ ಮಾಡಿದ, ಉಂಗುರ ಸಡಿಲವಾಯಿತು ಅಂತ ಇವಳೇ ವಾಪಸು ಕೊಟ್ಟಳು, ಬಿಗಿಯಾಯಿತು ಅಂತ ಇನ್ನೊಮ್ಮೆ. ಉಂಗುರ ಎಳೆಯುವ ತೊಗಲಿನ ತುದಿಯನ್ನು ಕುದುರೆಯ ಕುತ್ತಿಗೆಯ ಕಡೆ ತಿರುಗಿಸಿದ್ದು ಮಾತ್ರ ತಂಗಿಯ ಬುದ್ಧಿ, ಯಾವ ಸವಾರನ ಮೊಣಕಾಲೂ ಆ ಕಡೆ ಎಳೆಯೋದಿಲ್ಲಕ್ಕಾ, ಬಿಚ್ಚಬೇಕು ಅಂದರೆ ಬಗ್ಗಿ ಬೇಕೆಂದೇ ಬಿಚ್ಚಬೇಕು.

ಬಿಟ್ಟಿತು ಉಸಿರು. ಬೂದಿಯ ಪಕ್ಕೆ ಇಳಿಯಿತು, ಬಿಗಿ, ಈಗ ಬಿಗಿ, ಆ ಕಡೆಯ ಕೊಕ್ಕೆಯನ್ನೂ ನೋಡು, ಉಂಗುರ ಕೂತಿದೆ. ಈ ಒಂದು ಪರೀಕ್ಷೆಗೆ ಮಾತ್ರ ಅಂತ ಯಜಮಾನರು ಒಪ್ಪಿದ್ದಾರೆ, ಏರು ಅಂದಳು ತಂಗಿಗೆ, ಅವಳು ಏರುವುದೇನು, ಹಾರಿದಳು. ನಡಿಗೆ, ಕುಣಿನಡಿಗೆ, ಓಟ, ಅಂಗಳದ ಸುತ್ತ ಧೂಳು, ತಿರುವಿನಲ್ಲಿ ಅವಳ ಮೊಣಕಾಲು ಒತ್ತುವುದನ್ನು ಅಪ್ಪ ಕಣ್ಣು ಮಿಟುಕಿಸದೆ ನೋಡುತ್ತಿದ್ದಾನೆ, ಬಿಚ್ಚಿಕೊಳ್ಳಲಿ ಎಂದು ನೋಡುತ್ತಿದ್ದಾನೋ, ಬಿಚ್ಚಿಕೊಳ್ಳದಿರಲಿ ಎಂದೋ, ಅವಳ ಇನ್ನೊಂದು ಕಾಲು — ಥೂ, ಅವನ ಮಾತು ಇವಳ ತಲೆಯೊಳಗೆ ಬಂದು ಕೂತಿದೆ, ಏಳು ಅಲ್ಲಿಂದ. ಬಿಚ್ಚಲಿಲ್ಲ. ಸಣ್ಣ ಬೇಲಿ ಹಾರಿಸಿದಳು, ಬಿಚ್ಚಲಿಲ್ಲ. ಈಗ ಮರಳಗುಂಡಿ, ಬೂದಿಗೆ ಮಲಗುವುದನ್ನು ತಂಗಿಯೇ ಹಿಂದೆ ಕಲಿಸಿದ್ದಳು, ಮಕ್ಕಳನ್ನು ನಗಿಸಲು, ಭುಜ ತಟ್ಟಿದಳು, ಬೂದಿ ಮುಂಗಾಲು ಮಡಚಿತು, ಎಡಮಗ್ಗುಲಿಗೇ ಉರುಳಿತು, ಅದೇ ಮಗ್ಗುಲು, ಅವಳು ಎಡಗಾಲನ್ನು ಸರಕ್ಕನೆ ಎಳೆದುಕೊಂಡು ಪಕ್ಕಕ್ಕೆ ಕುಕ್ಕರಿಸಿದಳು. ಜೀನಿನಿಂದ ಮರಳಲ್ಲಿ ಹೂತ ಗೂಟಕ್ಕೆ ಹಗ್ಗ ಕಟ್ಟಿದ್ದು ಇವಳು, ಕಗ್ಗಂಟು, ಬೇಕೆಂದೇ ಕಗ್ಗಂಟು. ಏಳು ಬೂದಿ, ಅಂದಳು ತಂಗಿ. ಬೂದಿ ಎದ್ದೇಳಲು ಹೋಯಿತು, ಹಗ್ಗ ನೆಟ್ಟಗಾಯಿತು, ಜೀನು ಜಗ್ಗಿತು, ಪಟ್ಟಿ ಹೊಟ್ಟೆಯೊಳಕ್ಕೆ ಇಳಿಯಿತು, ಕಣ್ಣಿನ ಬಿಳಿ ಕಂಡಿತು, ಸಾಕು ಬಿಡಿ, ಬಿಡಿ ಅದನ್ನ, ಎಂದು ಯಜಮಾನರು ಬೇಲಿ ದಾಟುತ್ತಿದ್ದಾರೆ, ಇವಳ ಕಾಲು ತಾನೇ ಮುಂದೆ ಹೋಗುತ್ತಿದೆ, ಇಲ್ಲ, ನಿಲ್ಲು, ನೀನು ಮುಟ್ಟಿದರೆ ಲೆಕ್ಕಕ್ಕಿಲ್ಲ, ಅವಳೇ ಬಿಚ್ಚಬೇಕು, ತಂಗಿ ಬಗ್ಗಿದಳು, ಬೆರಳು ತುದಿಗೆ ಹೋಯಿತು, ಕುತ್ತಿಗೆಯ ಕಡೆ —

ಟಕ್. ಇಷ್ಟೇ ಸದ್ದು. ಪೆಟ್ಟಿಗೆಯ ಮುಚ್ಚಳದ ಸದ್ದು. ಬೂದಿ ಎದ್ದು ನಿಂತು ಮೈ ಕೊಡವುತ್ತಿದೆ, ಬರಿಬೆನ್ನು, ಜೀನು ಮರಳಲ್ಲಿ ಗೂಟದ ಪಕ್ಕ ಬಿದ್ದಿದೆ, ತಂಗಿ ಮರಳಲ್ಲೇ ಕೂತು ನಗುತ್ತಿದ್ದಾಳೆ, ಕೂದಲೆಲ್ಲ ಮರಳು. ಯಜಮಾನರು ಬೇಲಿಯ ಮೇಲೆ ಒಂದು ಕಾಲು ಆ ಕಡೆ ಒಂದು ಕಾಲು ಈ ಕಡೆ ಹಾಕಿಕೊಂಡೇ ಉಳಿದರು. ಅಪ್ಪ ಬರುತ್ತಿದ್ದಾನೆ. ಹತ್ತಿರ ಬರುವುದಿಲ್ಲ ಅಂದವನು ಬರುತ್ತಿದ್ದಾನೆ, ಇವಳ ಮುಖ ನೋಡದೆ, ಜೀನಿನ ಮುಂದೆ ಒಂದೊಂದೇ ಮಂಡಿ ಊರಿ ಕೂತ, ಕೊಕ್ಕೆಯನ್ನು ಮಡಚಿದ, ಬಿಡಿಸಿದ, ಮಡಚಿದ. ಒದ್ದೆಯಾದಾಗ ನೋಡಬೇಕು, ಅಂದ, ಒಣಗಿದ್ದಾಗ ಎಲ್ಲಾ ಬಿಚ್ಚುತ್ತೆ, ಅವತ್ತು ಹಳ್ಳದಲ್ಲಿ ನೀರಿತ್ತು. ಹಳ್ಳ. ಅವನ ಬಾಯಿಂದ ಆ ಮಾತು ಬಂದದ್ದು ಇದೇ ಮೊದಲು, ಇಷ್ಟು ದಿನ ಕುದುರೆ ಬಿತ್ತು ಅನ್ನುತ್ತಿದ್ದ, ಕಾಲು ಹೋಯಿತು ಅನ್ನುತ್ತಿದ್ದ, ಹಳ್ಳ ಅಂದವನಲ್ಲ, ನೀರು ಅಂದವನಲ್ಲ, ಹಾಗಾದರೆ ಅವನೂ ಅಲ್ಲೇ ಇದ್ದಾನೆ, ದಿನಾ ಪಟ್ಟಿಯನ್ನು ಗೋಡೆಗೆ ತಿರುಗಿಸಿದವನು ಅಲ್ಲಿಗೇ ಹೋಗಿ ಬರುತ್ತಿದ್ದಾನೆ. ಮರುಕ ಬಂತು, ಬರಲಿ, ಅದಕ್ಕಾಗಿ ಒಂದು ಕೂದಲೆಳೆಯಷ್ಟೂ ಬಗ್ಗುವುದಿಲ್ಲ ಇವಳು. ಮುಟ್ಟಿ ನೋಡಪ್ಪಾ, ಅಂದಳು, ಈ ಪಟ್ಟಿ ನಿನ್ನೆ ಸಂಜೆಯಿಂದ ಬಕೆಟ್ಟಿನ ನೀರಲ್ಲೇ ಇತ್ತು.

ಮುಟ್ಟಿದ. ಬೆರಳಿಗೆ ನೀರು ಅಂಟಿತು. ಒದ್ದೆ ತೊಗಲು ಏನನ್ನೂ ಮರೆಯುವುದಿಲ್ಲ, ಉಗುರು ತಾಗಿದರೂ ಗುರುತು ಇಟ್ಟುಕೊಳ್ಳುತ್ತದೆ, ಹುಷಾರಾಗಿ ಹಿಡಿ ಅಂತ ಕಲಿಸಿದವನೇ ಅವನು, ಈಗ ತುದಿಯನ್ನು ಬೆಳಕಿಗೆ ತಿರುಗಿಸಿದ, ತಂಗಿ ಹಿಡಿದೆಳೆದ ಜಾಗ, ಹೆಬ್ಬೆರಳಿನಿಂದ ತಡವಿದ, ಮಗುಚಿ ಹಿಂಭಾಗ ತಡವಿದ, ಏನೂ ಇಲ್ಲ, ಮತ್ತೆ ತಡವಿದ, ಅವನು ಏನು ಹುಡುಕುತ್ತಿದ್ದಾನೆ ಎಂದು ಇವಳಿಗೆ ಗೊತ್ತು, ಇಲ್ಲಪ್ಪಾ, ಇದರಲ್ಲಿ ಗೀರಿಲ್ಲ, ಅದು ಅಲ್ಲಿದೆ, ಮೊಳೆಯಲ್ಲಿ, ನಿನ್ನ ಮಣೆಯ ಎದುರಿಗೆ, ಇವತ್ತು ಹೊರಡುವಾಗ ನಾನೇ ತಿರುಗಿಸಿ ಬಂದಿದ್ದೇನೆ, ಹೆಬ್ಬೆರಳು ಹೋಗುತ್ತದೆ, ಬರುತ್ತದೆ, ನುಣುಪು, ಹೋಗುತ್ತದೆ, ನುಣುಪು — ಅಲ್ಲಿ ಮೊಳೆಯಲ್ಲಿ ಒಂದರ ಪಕ್ಕ ಒಂದು, ನಾಲ್ಕು, ಮೂರು ಉದ್ದ, ಕೊನೆಯದು ಅರ್ಧಕ್ಕೇ, ಕೊನೆಯದು ಅರ್ಧಕ್ಕೇ ನಿಂತಿದೆ.