ಮೂರನೆಯ ದೃಶ್ಯದ ಮೌನ

ಗದಾಧರ ಪಟ್ಟಜೋಷಿಯ ನಾಟಕಗಳಲ್ಲಿ ರಾಜರಿರಲಿಲ್ಲ, ಹಾಡಿರಲಿಲ್ಲ, ಕೊನೆಗೊಂದು ಮದುವೆಯೂ ಆಗುತ್ತಿರಲಿಲ್ಲ. ಒಡಿಶಾದ ಕಟಕದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದ ಅವನು ಬರೆಯುತ್ತಿದ್ದುದೆಲ್ಲ ಒಂದೇ ಕೋಣೆಯಲ್ಲಿ ಕೂತ ಜನರ ಬಗ್ಗೆ. "ಇದನ್ನ ನೋಡೋಕೆ ಟಿಕೆಟ್ ಬೇರೆ ತಗೋಬೇಕಾ? ನಾವು ಮನೇಲೂ ಹೀಗೇ ತಾನೇ ಕೂತಿರೋದು!" ಎಂದು ಅವನ ಅತ್ತಿಗೆಯೇ ಹಂಗಿಸಿದ್ದಳು.

ಅರವತ್ತರ ದಶಕದ ಕೊನೆಯ ಚಳಿಗಾಲವೊಂದರಲ್ಲಿ ಅವನು ಹೊಸ ನಾಟಕವೊಂದನ್ನು ರಂಗಕ್ಕೆ ತರಲು ಹೊರಟ. ಮಗನನ್ನು ಕಳೆದುಕೊಂಡ ಗಂಡ ಹೆಂಡತಿಯ ಕಥೆ. ಮೂರನೆಯ ದೃಶ್ಯದಲ್ಲಿ ಇಬ್ಬರೂ ಎರಡು ನಿಮಿಷ ಮಾತಿಲ್ಲದೆ ಕೂರಬೇಕು. ಹೆಂಡತಿಯ ಪಾತ್ರಕ್ಕೆ ಹೇಮಾಂಗಿನಿ ಸಿಕ್ಕಿದಳು. ಅವಳಿದ್ದ ಹಳೆಯ ನಾಟಕ ಕಂಪನಿ ಆಗಷ್ಟೇ ಮುಚ್ಚಿತ್ತು. ಅದೇ ಕಂಪನಿಯ ಪ್ರಾಂಪ್ಟರ್ ವಾಂಛಾನಿಧಿ ಬೆಹೆರಾನನ್ನೂ ಅವಳೇ ಕರೆತಂದಳು. ಪರದೆಯ ಮರೆಯಲ್ಲಿ ನಿಂತು ಮೂವತ್ತು ವರ್ಷ, ಮರೆತವರಿಗೆ ಮಾತು ನೆನಪಿಸಿದ ಮುದುಕ; ಎಲ್ಲರಿಗೂ ಅವನು 'ಮೌಸಾ', ಅಂದರೆ ಚಿಕ್ಕಪ್ಪ.

"ಬಾಬು, ಈ ಪುಟ ಖಾಲಿ ಇದೆಯಲ್ಲ?" ಎಂದ ಅವನು ತಾಲೀಮಿನ ಮೊದಲ ದಿನವೇ.

"ಅಲ್ಲಿ ಮೌನ, ಮೌಸಾ."

"ಮೌನ ಅಂದ್ರೆ ನಟನಿಗೆ ಮಾತು ಮರೆತಿದೆ ಅಂತ."

"ಇಲ್ಲಿ ಹಾಗಲ್ಲ. ನೀವು ಸುಮ್ಮನಿದ್ರೆ ಸಾಕು."

ಮುದುಕ ತಲೆಯಾಡಿಸಿದ. ಒಪ್ಪಿದಂತೇನೂ ಕಾಣಲಿಲ್ಲ.

ಮೊದಲ ಪ್ರದರ್ಶನದಲ್ಲಿ ಮೌನ ಅರ್ಧ ನಿಮಿಷ ದಾಟುವಷ್ಟರಲ್ಲಿ ಹಿಂದಿನ ಸಾಲಿನಿಂದ ಶಿಳ್ಳೆ ಕೇಳಿಸಿತು. "ಏನಮ್ಮಾ, ನಿದ್ದೆ ಬಂತಾ?" ಎಂದೊಬ್ಬ ಕೂಗಿದ. ಸಭೆ ಗೊಳ್ಳೆಂದಿತು. ಹೇಮಾಂಗಿನಿ ಪರದೆಯ ಕಡೆ ನೋಡಿದಳು. ಆಗ ಪರದೆಯ ಹಿಂದಿನಿಂದ ಪಿಸುದನಿಯೊಂದು ಬಂತು: "ಪಖಾಳ ಬಡಿಸಲಾ? ಅನ್ನ ಹುಳಿಯಾಗ್ತಿದೆ."

ನೀರಲ್ಲಿ ನೆನೆಸಿಟ್ಟ ಅನ್ನದ ಆ ಮಾತನ್ನೇ ಅವಳು ಹಿಂದೆಮುಂದೆ ನೋಡದೆ ಹೇಳಿಬಿಟ್ಟಳು. ನಗು ನಿಂತು ಸಭೆ ತಣ್ಣಗಾಯಿತು.

ಮರುದಿನ ಪತ್ರಿಕೆಯಲ್ಲಿ ವಿಮರ್ಶೆ ಬಂತು. ಇಡೀ ನಾಟಕದಲ್ಲಿ ಜೀವ ಇರುವುದು ಆ ಒಂದೇ ಮಾತಿಗಂತೆ. ಗದಾಧರನಿಗೆ ಮೈಯೆಲ್ಲ ಉರಿಯಿತು. ಪತ್ರಿಕೆ ಮಡಿಚಿ ಜೇಬಿಗೆ ತುರುಕಿ, ಸೈಕಲ್ಲು ಹತ್ತಿ, ಕಾಠಜೋಡಿ ನದಿಯ ದಂಡೆಯ ಮೇಲಿದ್ದ ಬೆಹೆರಾನ ಮನೆಗೆ ಹೋದ.

"ನಾನು ಎರಡು ವರ್ಷ ಬರೆದದ್ದನ್ನ ಒಂದು ಮಾತಲ್ಲಿ ಕೆಡಿಸಿಬಿಟ್ರಲ್ಲ, ಮೌಸಾ!"

"ತಪ್ಪಾಯ್ತು ಬಾಬು. ಆ ಹುಡುಗಿ ಮುಳುಗ್ತಿದ್ಲು, ನನಗೆ ನೋಡೋಕಾಗ್ಲಿಲ್ಲ. ನಾಳೆಯಿಂದ ಬರಲ್ಲ ಬಿಡಿ."

ಬೆಹೆರಾನ ಹೆಂಡತಿ ಸುಕಾಂತಿ ಮಂಡಕ್ಕಿಯ ತಟ್ಟೆ ತಂದಿಟ್ಟು ಒಳಗೆ ಹೋದಳು. ಬೈಯಲು ಬಂದವನಿಗೆ ಮಂಡಕ್ಕಿ ತಿನ್ನುತ್ತ ಬೈಯುವುದು ಕಷ್ಟವಾಯಿತು. ಕೊನೆಗೆ ಕೇಳಿದ, "ಅಷ್ಟು ಬೇಗ ಆ ಮಾತು ಎಲ್ಲಿಂದ ತಂದ್ರಿ?"

ಮುದುಕ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಅವಳದ್ದೇ. ನಮ್ಮ ದೊಡ್ಡವನು ವಾಂತಿಭೇದಿಯಲ್ಲಿ ಹೋದಾಗ ಮೂರು ದಿನ ನಾವಿಬ್ರೂ ಮಾತಾಡ್ಲಿಲ್ಲ. ನಾಲ್ಕನೇ ದಿನ ಅವಳು ಅಂದದ್ದು ಅಷ್ಟೇ."

"ಮೂರು ದಿನಾನಾ?"

"ಮೂರು ದಿನ."

ಗದಾಧರನ ಕೋಪ ಇಳಿದುಹೋಗಿತ್ತು. ತಾನು ಎರಡು ನಿಮಿಷ ಎಂದು ಬರೆದದ್ದನ್ನು ಇವರು ಮೂರು ದಿನ ಬದುಕಿದ್ದರು. ನಾಚಿಕೆಯಾಯಿತು ಅವನಿಗೆ, ಜೊತೆಗೆ, ತನ್ನ ಮೌನ ಸುಳ್ಳಲ್ಲ ಎಂಬ ಸಮಾಧಾನವೂ ಆಯಿತು. "ಆ ಮಾತು ಇರ್ಲಿ," ಎಂದ. "ಆದ್ರೆ ನಾಲ್ಕು ನಿಮಿಷ ಆದ್ಮೇಲೆ. ಅಲ್ಲೀವರೆಗೂ ನೀವು ಬಾಯಿ ಬಿಡಕೂಡದು. ಮೌಸಿ ಒಪ್ಪಿದ್ರೆ ಮಾತ್ರ."

ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ನಿಂತಿತು. "ಹೇಳ್ಕೊಳ್ಳಿ," ಎಂದಳು ಸುಕಾಂತಿ.

ಮುಂದಿನ ಪ್ರದರ್ಶನದಲ್ಲಿ ಗದಾಧರ ಬೆಹೆರಾನ ಪಕ್ಕದಲ್ಲೇ ನಿಂತ. ಶಿಳ್ಳೆ ಬಿತ್ತು. ಏಳೆಂಟು ಜನ ಎದ್ದೂ ಹೋದರು. ಮುದುಕ ತುಟಿ ಕಚ್ಚಿ, ಗದಾಧರನ ಮುಂಗೈ ಬಿಗಿಯಾಗಿ ಹಿಡಿದಿದ್ದ. ಮೂರನೆಯ ನಿಮಿಷದ ಹೊತ್ತಿಗೆ ಉಳಿದವರ ಕೆಮ್ಮೂ ನಿಂತಿತು. ಹೇಮಾಂಗಿನಿ ಈ ಬಾರಿ ಯಾರ ನೆರವಿಗೂ ಕಾಯಲಿಲ್ಲ; ಸಮಯಕ್ಕೆ ಸರಿಯಾಗಿ ತಾನೇ ಆ ಮಾತು ಆಡಿದಳು. ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು.

ನಾಟಕ ನಾಲ್ಕೇ ಪ್ರದರ್ಶನಕ್ಕೆ ನಿಂತಿತು. ಆದರೆ ಮುಂದಿನ ನಾಟಕವನ್ನು ಗದಾಧರ ಬೆಹೆರಾನ ಜಗಲಿಯಲ್ಲಿ ಕೂತು ಓದಿ ಹೇಳಿದ. ಅರ್ಧಕ್ಕೆ ಬರುವಷ್ಟರಲ್ಲಿ ಸುಕಾಂತಿ ಎಲೆಗೆ ಸುಣ್ಣ ಹಚ್ಚುತ್ತ, "ಯಾವ ಹೆಂಗಸೂ ಹಾಗೆ ಅನ್ನಲ್ಲ ಬಾಬು," ಎಂದಳು.

"ಮತ್ತೆ ಹೇಗಂತಾಳೆ, ಮೌಸಿ?" ಎನ್ನುತ್ತ ಅವನು ಪೆನ್ನಿನ ಮುಚ್ಚಳ ತೆಗೆದ.