ಹಲಸಿನ ಮರದ ತಿರುವು

ಹಲಸಿನ ಮರದ ತಿರುವಿಗೆ ಬರುತ್ತಲೇ ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ನಯನಾ ಬ್ರೇಕು ಒತ್ತಿ ಹಿಡಿದು, ಹಿಂದೆ ಕೂತಿದ್ದ ಮೆಕ್ಯಾನಿಕ್ ದೇವೀರಪ್ಪನ ಕಡೆ ತಿರುಗದೆಯೇ ಹೇಳಿದಳು: "ನೋಡಣ್ಣ, ನಾನ್ ಹೇಳಿರ್ಲಿಲ್ವಾ? ಇಲ್ಲೇ ಇದು ನಿಲ್ಲೋದು."

ಯಸಳೂರಿನಲ್ಲಿ ಮೂವತ್ತು ವರ್ಷದಿಂದ ಔಷಧಿ ಹೊಡೆಯುವ ಮಿಷನ್ನು, ಪಂಪು, ಹಳೇ ಜೀಪು ರಿಪೇರಿ ಮಾಡಿಕೊಂಡು ಬಂದ ದೇವೀರಪ್ಪನಿಗೆ ಈ ನಾಲ್ಕು ಚಕ್ರದ ಬೈಕು ಹದಿನೈದು ದಿನದಿಂದ ನೀರು ಕುಡಿಸುತ್ತಿತ್ತು. ಕಾರ್ಬೊರೇಟರನ್ನು ಎರಡು ಸಲ ಬಿಚ್ಚಿ, ಜೆಟ್ಟುಗಳನ್ನು ಊದಿ, ತೊಳೆದು ಕೂರಿಸಿದ್ದ. ತೋಟದ ಸ್ಟೋರಿನ ಅಂಗಳದಲ್ಲಿ ಚೆನ್ನಾಗಿಯೇ ಗುರುಗುಟ್ಟುವ ಗಾಡಿ, ಏರು ಹತ್ತಿ ಈ ಮರದ ಹತ್ತಿರ ಬಂದರೆ ಹಟ ಹಿಡಿಯುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಹೊರಡುತ್ತಿತ್ತು.

ತೋಟದ ಯಜಮಾನ ಅಭಿಲಾಷ್ ಬೆಳಿಗ್ಗೆಯೇ ನಯನಾಳಿಗೆ ಹೇಳಿದ್ದ: ಇವತ್ತೂ ನಿಂತರೆ ಸೋಮವಾರದಿಂದ ಗಾಡಿ ಟ್ರ್ಯಾಕ್ಟರಿನ ಸುನಿಲ್‌ಕುಮಾರನ ಕೈಗೆ, ನೀನು ಮೊದಲಿನ ಹಾಗೆ ಹಣ್ಣು ಕುಯ್ಯಲು ಹೋಗು. ಬೈದು ಹೇಳಿರಲಿಲ್ಲ, ಅವಳಿಗೆ ನೋವಾಗಿದ್ದೇ ಅದಕ್ಕೆ. ಹನ್ನೆರಡು ವರ್ಷ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ಹಣ್ಣು ಕುಯ್ದವಳು ಅವಳು. ಹೋದ ವರ್ಷ ಈ ಗಾಡಿ ಬಂದಾಗ, ನಾನು ಕಲೀತೀನಿ ಎಂದು ಮುಂದೆ ಬಂದವಳೂ ಅವಳೊಬ್ಬಳೇ. ಈಗ ಮೇಲಿನ ತಾಕಿನ ಆಳುಗಳಿಗೆ ತಿಂಡಿ ನೀರು ಒಯ್ಯುವುದು, ಕೆಳಕ್ಕೆ ಹಣ್ಣಿನ ಮೂಟೆ ತರುವುದು ಅವಳ ಕೆಲಸ. ಹ್ಯಾಂಡಲ್ ಹಿಡಿದು ಏರು ಹತ್ತುವಾಗಿನ ಸುಖದ ಬಗ್ಗೆ ಅವಳು ಗಂಡನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಎಲ್ಲಿ ದೃಷ್ಟಿಯಾದೀತೋ ಎಂಬ ಭಯ.

"ಚೋಕ್ ಎಳ್ಕಂಡೇ ಓಡಿಸ್ತೀಯೇನೋ ಮಾರಾಯ್ತಿ," ಎಂದ ದೇವೀರಪ್ಪ ಇಳಿಯುತ್ತ.

"ನೀನೇ ಹಿಂದೆ ಕೂತಿದ್ದಲ್ಲಣ್ಣ. ಅಂಗಳದಲ್ಲೇ ಒಳಕ್ಕೆ ತಳ್ಳಿದ್ದು ನೋಡ್ಲಿಲ್ವಾ?"

ಅವನು ಮಂಡಿಯೂರಿ ಕಾರ್ಬೊರೇಟರಿನ ತಳದ ಸ್ಕ್ರೂ ಸಡಿಲಿಸಿದ. ಎರಡು ಹನಿ ಬಿದ್ದು ನಿಂತುಹೋಯಿತು. "ಪೆಟ್ರೋಲೇ ಇಳೀತಿಲ್ಲ ಕಣೇ. ಟ್ಯಾಂಕಲ್ಲಿ ಐತಾ ನೋಡು."

ನಯನಾ ಟ್ಯಾಂಕಿನ ಮುಚ್ಚಳಕ್ಕೆ ಬಿಗಿದಿದ್ದ ಪ್ಲಾಸ್ಟಿಕ್ ಬಿಚ್ಚತೊಡಗಿದಳು. ಗೊಬ್ಬರದ ಚೀಲದ ಒಳಗಿನ ದಪ್ಪ ಪ್ಲಾಸ್ಟಿಕ್ಕು, ಎರಡು ಮಡಿಕೆ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ. ಮೊದಲ ಸಲ ಗಾಡಿ ನಿಂತಾಗ ಕಾರ್ಬೊರೇಟರಿನಲ್ಲಿ ನೀರು ಸಿಕ್ಕಿತ್ತು. ಮಂಜಿನ ನೀರು ಮುಚ್ಚಳದಲ್ಲಿ ಇಳಿದಿದೆ, ಜೋಪಾನ ಮಾಡಬಾರದಾ ಎಂದು ದೇವೀರಪ್ಪ ಗದರಿದ್ದ. ಅಂದಿನಿಂದ ದಿನಾ ಬೆಳಿಗ್ಗೆ ಪೆಟ್ರೋಲು ಹಾಕಿದ ಮೇಲೆ, ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟುವಷ್ಟು ಶ್ರದ್ಧೆಯಿಂದ ಅವಳು ಇದನ್ನು ಬಿಗಿಯುತ್ತಿದ್ದಳು. ಮಂಜು ಬೀಳುವ ಕಾಲಕ್ಕೆ ಈ ಕಡೆ ಸೌದೆಗೂ ಪ್ಲಾಸ್ಟಿಕ್ಕೇ, ಬೈಕಿನ ಸೀಟಿಗೂ ಪ್ಲಾಸ್ಟಿಕ್ಕೇ. ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ.

ಮುಚ್ಚಳ ತಿರುಗಿಸಿದಳು. ಸುಯ್ ಎಂದು ಟ್ಯಾಂಕು ಉಸಿರೆಳೆದುಕೊಂಡಿತು. ಅದೇ ಗಳಿಗೆಗೆ ಕೆಳಗೆ ದೇವೀರಪ್ಪನ ಕೈಮೇಲೆ ಪೆಟ್ರೋಲು ಧಾರೆಯಾಗಿ ಸುರಿಯಿತು.

"ಬಂತು ನೋಡು. ಎಲ್ಲೋ ಕಸ ಸಿಕ್ಕಂಡಿತ್ತು, ಹೋಗ್ಬುಡ್ತು," ಎಂದು ಅವನು ಸ್ಕ್ರೂ ತಿರುಗಿಸತೊಡಗಿದ.

ನಯನಾಳಿಗೆ ಎಣ್ಣೆ ಡಬ್ಬ ನೆನಪಾಯಿತು. ಮನೆಯಲ್ಲಿ ಎಣ್ಣೆ ಡಬ್ಬಕ್ಕೆ ಒಂದೇ ತೂತು ಹಾಕಿದರೆ ಎಣ್ಣೆ ಇಳಿಯುವುದಿಲ್ಲ. ಗಾಳಿ ಹೋಗಲು ಎದುರಿಗೆ ಇನ್ನೊಂದು ಹಾಕಬೇಕು. ಕೈಯಲ್ಲಿದ್ದ ಮುಚ್ಚಳ ನೋಡಿದಳು. ಮೇಲೆ ಸೂಜಿಯ ಮೊನೆಯಷ್ಟು ತೂತು ಇತ್ತು. ಹದಿನೈದು ದಿನದಿಂದ ಅವಳು ಕಟ್ಟಿದ್ದು ಅದರ ಬಾಯಿಯನ್ನೇ.

ಸುಮ್ಮನಿದ್ದರೆ ಆಗುತ್ತಿತ್ತು. ಪ್ಲಾಸ್ಟಿಕ್ಕನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಯೂ ಆಗಿತ್ತು. ಕಸವೇ ಕಾರಣ ಎಂದಾಗುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ಆದರೆ ಪೆಟ್ರೋಲಿನಲ್ಲಿ ಬಿರಿದ ಆ ಮುದುಕನ ಬೆರಳುಗಳನ್ನು ನೋಡಿ ಅವಳಿಂದ ತಡೆಯಲಾಗಲಿಲ್ಲ.

"ಕಸ ಅಲ್ಲಣ್ಣ. ಮುಚ್ಚಳದ ತೂತು ನಾನೇ ಮುಚ್ಬುಟ್ಟಿದ್ದೆ. ಗಾಳಿ ಹೋಗ್ದೆ ಪೆಟ್ರೋಲ್ ಹೆಂಗ್ ಇಳಿದಾತು?"

ದೇವೀರಪ್ಪ ಮುಚ್ಚಳ ಇಸಿದುಕೊಂಡು ತೂತಿಗೆ ಬಾಯಿಟ್ಟು ಊದಿದ. "ಜೋಪಾನ ಮಾಡು ಅಂದಿದ್ದು ನಾನೇ," ಎಂದ. "ದಿನಾ ಕಣ್ಣೆದುರಿಗೇ ಇತ್ತಲ್ಲ ಈ ಪ್ಲಾಸ್ಟಿಕ್ಕು."

ಮುಚ್ಚಳಕ್ಕೆ ಏನೂ ಕಟ್ಟದೆ ಇಬ್ಬರೂ ಆ ಏರನ್ನು ಎರಡು ಸಲ ಹತ್ತಿ ಇಳಿದರು. ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಅಂಗಳಕ್ಕೆ ಬಂದಾಗ ಅಭಿಲಾಷ್ ಸ್ಟೋರಿನ ಬಾಗಿಲಲ್ಲೇ ನಿಂತಿದ್ದ. ನಯನಾ ಎಂಜಿನ್ ಆರಿಸಿದಳು. ಅಷ್ಟರಲ್ಲಿ ದೇವೀರಪ್ಪ ಇಳಿದು ಮುಂದೆ ಹೋದ.

"ಟ್ಯಾಂಕಿಗೆ ಗಾಳಿ ಆಡ್ತಿರ್ಲಿಲ್ಲ ಸಾರ್. ನಂಗೆ ಹೊಳೀಲೇ ಇಲ್ಲ. ಕಂಡುಹಿಡ್ದಿದ್ದು ನಯನಾ."

"ಹೌದಾ?" ಎಂದು ಅಭಿಲಾಷ್ ಅವಳ ಕಡೆ ನೋಡಿದ.

"ಗಾಳಿ ಹೋಗ್ದಂಗೆ ಕಟ್ಟಿದ್ದೂ ನಾನೇ ಸಾರ್. ಮಂಜಿನ ನೀರು ಇಳೀದೇ ಇರ್ಲಿ ಅಂತ."

ಅವನು ಗಾಡಿಯನ್ನೂ ಅವಳನ್ನೂ ಒಂದು ಸಲ ನೋಡಿ, ಕೈಗಡಿಯಾರ ನೋಡಿಕೊಂಡ. "ರಾತ್ರಿ ಸ್ಟೋರಿನೊಳಗೆ ನಿಲ್ಲಿಸು. ಸೋಮವಾರಾನೂ ನೀನೇ ಓಡಿಸು. ಈಗ ತಿಂಡಿ ತಗೊಂಡು ಹೋಗು, ಮೇಲೆ ಕಾಯ್ತಿರ್ತಾರೆ."

ಮೇಲಿನ ತಾಕಿನಲ್ಲಿ ಮರಗಳು ಇನ್ನೂ ಮಂಜಿನ ಹನಿ ಉದುರಿಸುತ್ತಿದ್ದವು. ಹಣ್ಣು ಕುಯ್ಯುತ್ತಿದ್ದ ರಾಮಮ್ಮ ಚೀಲ ಬಿಚ್ಚಿಟ್ಟು ಬಂದು ಉಪ್ಪಿಟ್ಟಿನ ಪಾತ್ರೆ ಇಳಿಸಿಕೊಂಡಳು.

"ಹನಿ ಬೀಳ್ತಾ ಐತೆ ಕಣೇ. ಮುಚ್ಚಳಕ್ಕೆ ಏನೂ ಕಟ್ಟಿಲ್ವಲ್ಲೇ ಇವತ್ತು?"

ನಯನಾ ಸೊಂಟದಿಂದ ಪ್ಲಾಸ್ಟಿಕ್ ತೆಗೆದು ಉಪ್ಪಿಟ್ಟಿನ ಪಾತ್ರೆಯ ಮೇಲೆ ಹೊದಿಸಿದಳು. ಆಮೇಲೆ ಸೆರಗಿನ ತುದಿಯಿಂದ ಟ್ಯಾಂಕಿನ ಮುಚ್ಚಳ ಒರೆಸಿದಳು. ಇನ್ನೊಂದು ಹನಿ ಬಿತ್ತು. ಮತ್ತೆ ಒರೆಸಿದಳು.