ಓಣಿಗೆ ಗ್ರಹಣ ತೋರಿಸಿದ ಕನ್ನಡಿ

ನಾನು ಒಂದು ಕನ್ನಡಿ. ಒಡೆದ ಕನ್ನಡಿ ಎಂದು ನಾನೇ ಮೊದಲು ಹೇಳಿಬಿಡುತ್ತೇನೆ, ನೀವು ಮುಖ ಸಿಂಡರಿಸುವುದು ಬೇಡ. ಹುಟ್ಟಿದ್ದು ಗಾಜಿನ ಕಾರ್ಖಾನೆಯಲ್ಲಿ. ಬೆನ್ನಿಗೆ ಬೆಳ್ಳಿಯ ಲೇಪ ಬಳಿದು, ಅದರ ಮೇಲೆ ಕೆಂಪು ಬಣ್ಣ ಹಚ್ಚಿ, ಗುಳೇದಗುಡ್ಡದ ಕ್ಷೌರದಂಗಡಿಯೊಂದಕ್ಕೆ ಕಳಿಸಿದರು. ಅಲ್ಲಿ ಎಷ್ಟೋ ವರ್ಷ ಗಂಡಸರ ಗತ್ತು ನೋಡಿದೆ. ಮೀಸೆ ಸೊಟ್ಟಗಾದರೆ ಬೈಗುಳ ಕತ್ತರಿಗಲ್ಲ, ನನಗೆ. ಒಂದು ದಿನ ಕುರ್ಚಿ ತಾಗಿ ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟೆ. ಅಪಶಕುನ ಎಂದು ಅಂಗಡಿಯವನು ನನ್ನನ್ನು ತಿಪ್ಪೆಯ ಪಕ್ಕ ಒರಗಿಸಿ ಹೋದ.

ಅಲ್ಲಿಂದ ನನ್ನನ್ನು ಎತ್ತಿಕೊಂಡವಳು ನೀಲಾಂಬಿಕಾ, ನೇಕಾರರ ಓಣಿಯ ಸೊಸೆ. ದಿನಾ ತನ್ನ ಮನೆಯ ಪಡಸಾಲೆಯಲ್ಲಿ, ಮಗ್ಗದ ಪಕ್ಕದಲ್ಲೇ, ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಬೆಳಕು ಪ್ರತಿಫಲಿಸುತ್ತದೆ ಎಂದು ಬಾಯಿಪಾಠ ಮಾಡಿದ್ದ ಮಕ್ಕಳು ನನ್ನನ್ನು ಹಿಡಿದು, ಮಗ್ಗದ ಕೆಳಗಿನ ಕತ್ತಲೆ ಗುಂಡಿಗೆ ಬಿಸಿಲು ಹಾಯಿಸಿ ಕುಣಿದಾಡಿದರು. ಒಡೆದ ಮೇಲೆಯೇ ನನಗೆ ನಿಜವಾದ ಕೆಲಸ ಸಿಕ್ಕಿತು. ಹೆಮ್ಮೆಯಾಯಿತು, ಯಾಕೆ ಮುಚ್ಚಿಡಲಿ?

ಸೂರ್ಯಗ್ರಹಣ ಬಂದಾಗ ನೀಲಾಂಬಿಕಾ ತುಂಬು ಬಸುರಿ. ಬಸುರಿಗೆ ಗ್ರಹಣ ತಾಗಿದರೆ ಕೂಸಿನ ತುಟಿ ಸೀಳುತ್ತದೆ ಎಂದು ಅತ್ತೆ ಗುರುಬಸವ್ವ ಅವಳನ್ನು ಕೋಣೆಯಲ್ಲಿ ಕೂರಿಸಿ ಕದ ಎಳೆದುಕೊಂಡಳು. ಗ್ರಹಣದ ಪಾಠ ಹೇಳಿಕೊಟ್ಟ ಟೀಚರಿಗೇ ಗ್ರಹಣ ತಪ್ಪಿಹೋಗುವುದನ್ನು ಮಕ್ಕಳಿಗೆ ಸಹಿಸಲಾಗಲಿಲ್ಲ. ನನ್ನ ಮೇಲೆ ಸಣ್ಣ ತೂತಿನ ಕಾಗದ ಅಂಟಿಸಿ, ಎದುರುಮನೆಯ ಕಟ್ಟೆಯ ಮೇಲಿಟ್ಟು, ಅವಳ ಕಿಟಕಿಯ ಕಡೆಗೆ ವಾಲಿಸಿದರು. ಅವಳು ಒಳಗಿನಿಂದ ಕಿಟಕಿಯ ಒಂದು ಬಾಗಿಲು ತೆರೆದಳು. ಕತ್ತಲೆ ಗೋಡೆಯ ಮೇಲೆ ಅಂಗೈಯಗಲದ ಸೂರ್ಯ ಮೂಡಿದ, ಯಾರೋ ಕಚ್ಚಿದ ರೊಟ್ಟಿಯ ಹಾಗೆ. ಬೈಯಲು ಬಂದ ಗುರುಬಸವ್ವ ಅದು ಮತ್ತೆ ದುಂಡಗಾಗುವವರೆಗೆ ನೋಡುತ್ತ ನಿಂತುಬಿಟ್ಟಳು.

ಅದೇ ತಿಂಗಳು ಹೆಣ್ಣುಕೂಸು ಹುಟ್ಟಿತು. ಅದರ ಮೇಲ್ದುಟಿ ಸೀಳಿತ್ತು.

ಓಣಿಗೆ ಅಷ್ಟು ಸಾಕಾಯಿತು. ಮಕ್ಕಳನ್ನು ಪಾಠಕ್ಕೆ ಕಳಿಸುವುದು ನಿಂತಿತು. ಹಿರಿಯರು ಪಡಸಾಲೆಗೆ ಬಂದು ಟ್ಯೂಷನ್ ಮುಚ್ಚಬೇಕು, ಕನ್ನಡಿಯನ್ನು ಹಾಳುಬಾವಿಗೆ ಎಸೆಯಬೇಕು ಎಂದರು. ನನಗೆ ಹೆದರಿಕೆಯಾಗಲಿಲ್ಲ, ಮೈಯೆಲ್ಲ ಉರಿಯಿತು. ಬಿದ್ದ ಬೆಳಕನ್ನು ತಿರುಗಿಸಿದ್ದು ಬಿಟ್ಟರೆ ನಾನು ಮಾಡಿದ್ದಾದರೂ ಏನು?

ನೀಲಾಂಬಿಕಾ ಬಾಣಂತಿಕೋಣೆಯಿಂದ ಕೂಸನ್ನು ಎತ್ತಿಕೊಂಡೇ ಹೊರಗೆ ಬಂದಳು. ತುಟಿ ಕೂಡಿಕೊಳ್ಳುವುದು ಬಸಿರಿನ ಎರಡನೇ ತಿಂಗಳ ಹೊತ್ತಿಗೆ, ಗ್ರಹಣ ಬಂದದ್ದು ಒಂಬತ್ತರಲ್ಲಿ ಎಂದಳು. ಡಾಕ್ಟರು ಹೊಲಿಗೆ ಹಾಕಿ ಸರಿಮಾಡುತ್ತಾರೆ ಎಂದೂ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿರಿಯನೊಬ್ಬ ನನ್ನನ್ನು ಗೋಡೆಯಿಂದ ಕಿತ್ತುಕೊಳ್ಳಲು ಕೈ ಚಾಚಿದ. ಗುರುಬಸವ್ವ ಅಡ್ಡ ಬಂದು ನಿಂತಳು.

"ನನ್ನ ತಮ್ಮಂದೂ ತುಟಿ ಹಿಂಗ ಇತ್ತು. ಆಗ ಯಾವ ಗ್ರಹಣಾನೂ ಇರಲಿಲ್ಲ. ನಮ್ಮವ್ವ ಅವನ್ನ ಸೆರಗಿನ್ಯಾಗ ಮುಚ್ಚಿ ಸಾಕಿದ್ಲು. ಅಂವಾ ಸಾಯೂತನಾ ಮಂದಿ ಮುಂದ ನಗಲಿಲ್ಲ. ಈ ಕೂಸನ್ನ ನಾ ಮುಚ್ಚಂಗಿಲ್ಲ. ಕನ್ನಡಿ ಮುಟ್ಟಬ್ಯಾಡ್ರಿ."

ಚಾಚಿದ ಕೈ ಹಿಂದಕ್ಕೆ ಹೋಯಿತು. ಮರುದಿನ ಪಾಠಕ್ಕೆ ಬಂದವರು ಬೆರಳೆಣಿಕೆಯ ಮಕ್ಕಳು. ಆದರೂ ಪಾಠ ನಡೆಯಿತು. ಆಮೇಲೆ ಒಬ್ಬೊಬ್ಬರಾಗಿ ಮರಳಿದರು, ಕೆಲವರು ಇಂದಿಗೂ ಬಂದಿಲ್ಲ. ಬರದಿದ್ದರೆ ನಷ್ಟ ಅವರದ್ದೇ.

ಈಗ ನನ್ನ ಬೆನ್ನಿನ ಲೇಪ ಉದುರುತ್ತಿದೆ. ಅದೇ ಪಡಸಾಲೆಯ ಮೂಲೆಯಲ್ಲಿ, ಮಕ್ಕಳ ಎತ್ತರಕ್ಕೆ, ಮೊಳೆಗೆ ತೂಗುತ್ತಿದ್ದೇನೆ. ಕೂಸು ಬೆಳೆದು ಲಂಗ ಹಾಕುವ ಹುಡುಗಿಯಾಗಿದ್ದಾಳೆ. ತುಟಿಯ ಮೇಲೆ ಹೊಲಿಗೆಯ ಗೆರೆ ಉಳಿದಿದೆ. ಈ ಮುಖ ಯಾರಿಗೂ ತೋರಿಸಬೇಡಿ ಎಂದ ಮಂದಿ ಇದೇ ಓಣಿಯಲ್ಲಿದ್ದಾರೆ. ನಾನು ದಿನಾ ತೋರಿಸುತ್ತೇನೆ, ಅವಳಿಗೇ. ಅವಳು ನೋಡಿಕೊಂಡು ಹಲ್ಲು ಕಾಣುವಂತೆ ನಗುತ್ತಾಳೆ.